ಕಾಣದ ಎರಡನೇ ಸುತ್ತು: 'ಗುರುತ್ವ' ಘಟಕದ ಮೂರು ತರಗತಿಗಳು

ಒಂಬತ್ತನೇ ತರಗತಿಯ ವಿಜ್ಞಾನ ಪಠ್ಯದ 'ಗುರುತ್ವ' ಘಟಕದಲ್ಲಿ, ಗುರುತ್ವ ನಿಯಮದ ಮಹತ್ವ ಹೇಳುವಲ್ಲಿ ನಾಲ್ಕು ಸಂಗತಿಗಳು ಬರುತ್ತವೆ. ನಮ್ಮನ್ನು ನೆಲಕ್ಕೆ ಹಿಡಿದಿಡುವ ಬಲ, ಚಂದ್ರನ ಚಲನೆ, ಗ್ರಹಗಳ ಚಲನೆ, ಕೊನೆಗೆ ಉಬ್ಬರವಿಳಿತ. ಉಬ್ಬರವಿಳಿತಕ್ಕೆ ಅಲ್ಲಿ ಸಿಕ್ಕಿರುವುದು ಒಂದೇ ಸಾಲು. ಬೋಧನಾಭ್ಯಾಸಕ್ಕೆ ನನಗೆ ಈ ಘಟಕ ಬಂದಾಗ ಕಾಲಿಗೆ ತೊಡರಿದ್ದು ಆ ಒಂದು ಸಾಲೇ. ನಮ್ಮ ಜಿಲ್ಲೆಯ ಮಕ್ಕಳಲ್ಲಿ ಸಮುದ್ರ ನೋಡಿದವರು ಎಷ್ಟು ಮಂದಿ? ಕಾಲುವೆಗೆ ನೀರು ಬಿಡುವುದು, ನಿಲ್ಲಿಸುವುದು ಅವರಿಗೆ ಚೆನ್ನಾಗಿ ಗೊತ್ತು. ಯಾರೂ ಗೇಟು ಎತ್ತದೆ ದಿನಕ್ಕೆರಡು ಸಲ ತಾನೇ ಏರಿ ತಾನೇ ಇಳಿಯುವ ನೀರನ್ನು ಅವರು ನಂಬಬೇಕಾದದ್ದು ನನ್ನ ಮಾತಿನ ಮೇಲೆ ಮಾತ್ರ.

ಸಮುದ್ರವಿಲ್ಲದೆ ಉಬ್ಬರವನ್ನು ತೋರಿಸುವ ದಾರಿ ಹುಡುಕುತ್ತಾ ನಾನು ತಲುಪಿದ್ದು ಗೆಲಾಕ್ಸಿಗಳ ಬಳಿಗೆ. ಚಂದ್ರನ ಕಡೆಗಿರುವ ಭೂಮಿಯ ಮಗ್ಗುಲಿಗೆ ಚಂದ್ರನ ಸೆಳೆತ ತುಸು ಹೆಚ್ಚು, ಆಚೆ ಮಗ್ಗುಲಿಗೆ ತುಸು ಕಡಿಮೆ. ಈ ವ್ಯತ್ಯಾಸವೇ ನೀರನ್ನು ಎರಡೂ ಕಡೆ ಉಬ್ಬಿಸುತ್ತದೆ. ಭೂಮಿಯ ಜಾಗದಲ್ಲಿ ಒಂದು ಪುಟ್ಟ ಗೆಲಾಕ್ಸಿಯನ್ನೂ ಚಂದ್ರನ ಜಾಗದಲ್ಲಿ ದೊಡ್ಡದೊಂದು ಗೆಲಾಕ್ಸಿಯನ್ನೂ ಇಡಿ. ಪುಟ್ಟ ಗೆಲಾಕ್ಸಿ ಬಂಡೆಯಂತೆ ಗಟ್ಟಿಯಾದದ್ದಲ್ಲ, ಅದರ ನಕ್ಷತ್ರಗಳನ್ನು ಕಟ್ಟಿಹಾಕಿರುವುದು ಅದರದೇ ದುರ್ಬಲ ಗುರುತ್ವ. ದೊಡ್ಡದರ ಹತ್ತಿರ ಬಂದಾಗ ಒಳಮಗ್ಗುಲಿನ ನಕ್ಷತ್ರಗಳು ಕಳಚಿಕೊಂಡು ಮುಂದಕ್ಕೆ ಓಡುತ್ತವೆ, ಹೊರಮಗ್ಗುಲಿನವು ಹಿಂದುಳಿಯುತ್ತವೆ. ನೂರಾರು ಕೋಟಿ ವರ್ಷಗಳಲ್ಲಿ ಪುಟ್ಟ ಗೆಲಾಕ್ಸಿ ನವೆದು ಹೋಗಿ, ಅದು ಸುತ್ತಿದ ದಾರಿಯುದ್ದಕ್ಕೂ ಮಸುಕಾದ ಒಂದು ನಕ್ಷತ್ರ ಧಾರೆ ಉಳಿಯುತ್ತದೆ. ದೊಡ್ಡ ಗೆಲಾಕ್ಸಿಗಳು ಚಿಕ್ಕವುಗಳನ್ನು ನುಂಗುತ್ತಾ ಬೆಳೆದವು ಎಂಬ ಮಾತಿಗೆ ಕಣ್ಣಿಗೆ ಕಾಣುವ ಸಾಕ್ಷಿ ಇದೇ. ನಮ್ಮ ಹಾಲುಹಾದಿಯೂ ಹೊರತಲ್ಲ. 1994ರಲ್ಲಿ ಪತ್ತೆಯಾದ ಸ್ಯಾಜಿಟೇರಿಯಸ್ ಕುಬ್ಜ ಗೆಲಾಕ್ಸಿಯನ್ನು ಅದು ಈಗಲೂ ಹರಿದು ಎಳೆದುಕೊಳ್ಳುತ್ತಿದೆ.

ಇದನ್ನು ಮೂರು ಕಡೆ ಪಾಠ ಮಾಡಿದೆ: ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು. ಮೊದಲನೆಯದು ಕೆಟ್ಟಿತು. ಎರಡನೆಯದು ಚೆನ್ನಾಗಿ ಆಯಿತು, ಮತ್ತು ಅಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದೆ. ಈ ಬರಹ ಮುಖ್ಯವಾಗಿ ಆ ತಪ್ಪಿನ ಬಗ್ಗೆ.

ಹುಣಸೆ ಬೀಜದ ಆಕಾಶ

ಈ ಧಾರೆಗಳ ಫೋಟೊ ತೆಗೆಯುವುದು ಏಕೆ ಕಷ್ಟ ಎಂಬುದು ಮೊದಲು ಮಕ್ಕಳಿಗೆ ಮುಟ್ಟಬೇಕು. ಅವು ದೂರ ಇರುವುದರಿಂದ ಎಂದು ಎಲ್ಲರೂ ಹೇಳುತ್ತಾರೆ. ಕಾರಣ ಅದಲ್ಲ. ಕತ್ತಲ ಆಕಾಶವೂ ಪೂರ್ತಿ ಕಪ್ಪಲ್ಲ. ಊರಿನ ದೀಪಗಳಿಲ್ಲದ ಜಾಗದಲ್ಲೂ ಭೂಮಿಯ ವಾತಾವರಣ ತಾನೇ ಮಂದವಾಗಿ ಹೊಳೆಯುತ್ತದೆ, ಗ್ರಹಗಳ ನಡುವಿನ ಧೂಳು ಸೂರ್ಯನ ಬೆಳಕನ್ನು ಚದುರಿಸುತ್ತದೆ. ಖಗೋಳ ವಿಜ್ಞಾನಿಗಳ ಅಳತೆಯಲ್ಲಿ ಅಂಥ ಒಳ್ಳೆಯ ಕತ್ತಲ ಆಕಾಶದ ಹೊಳಪು ಚದರ ಆರ್ಕ್‌ಸೆಕೆಂಡಿಗೆ ಸುಮಾರು 22 ಕಾಂತಿಮಾನ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಕಡಿಮೆ, ಐದು ಹೆಚ್ಚಿದರೆ ಬೆಳಕು ನೂರನೇ ಒಂದು ಪಾಲು. ನಕ್ಷತ್ರ ಧಾರೆಗಳು ಸಿಗುವುದು 26ರಿಂದ 29ರ ಆಸುಪಾಸಿನಲ್ಲಿ. ಅಂದರೆ ಧಾರೆಯ ಬೆಳಕು ಅದರ ಮುಂದೆ ಹರಡಿರುವ ಆಕಾಶದ ಬೆಳಕಿನ ನೂರನೇ ಒಂದು ಪಾಲು, ಕೆಲವೊಮ್ಮೆ ಸಾವಿರದ ಒಂದು ಪಾಲಿನ ಹತ್ತಿರ. ದೊಡ್ಡ ದೂರದರ್ಶಕ ತಂದರೆ ಧಾರೆಯ ಬೆಳಕಿನ ಜೊತೆಗೆ ಆಕಾಶದ ಬೆಳಕೂ ಅಷ್ಟೇ ಹೆಚ್ಚು ಬಂದು ಬೀಳುತ್ತದೆ. ಪಾಲು ಬದಲಾಗುವುದಿಲ್ಲ.

ಇದಕ್ಕೆ ನಾನು ಮಾಡಿಕೊಂಡ ಚಟುವಟಿಕೆ ಹೀಗಿತ್ತು. ಚೌಕಾಬಾರ ಆಡಲು ಮಾಡಿಕೊಳ್ಳುವ ಹಾಗೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದೆ. ಒಬ್ಬೊಬ್ಬರಿಗೆ ಹತ್ತು ಬೀಜ. ನೋಟ್‌ಬುಕ್ಕಿನಲ್ಲಿ ಸಾಲಾಗಿ ಹತ್ತು ಮನೆ. ಪ್ರತಿ ಮನೆಗೆ ಒಂದು ಸಲ ಬೀಜ ಚೆಲ್ಲಿ ಬೆಳ್ಳಗೆ ಬಿದ್ದವನ್ನು ಎಣಿಸಿ ಬರೆಯುವುದು. ಇದೇ ಒಬ್ಬೊಬ್ಬರ 'ಫೋಟೊ'. ಪ್ರತಿ ಬೆಂಚಿನ ಕೊನೆಯಲ್ಲಿ ಕೂತವರು ತಮ್ಮ ಬೆಂಚಿನ ಸಂಖ್ಯೆಗಳನ್ನು ಕೂಡಿ ಕೊಡುತ್ತಾರೆ. ಅವರಿಗೆ ಮಾತ್ರ ಒಂದು ಗುಟ್ಟು ಹೇಳಿರುತ್ತೇನೆ: ಏಳನೇ ಮನೆಗೆ ಬಂದ ಪ್ರತಿ ಸಂಖ್ಯೆಗೂ ಒಂದು ಸೇರಿಸಿ. ಆ ಒಂದು ಬೀಜವೇ ಗೆಲಾಕ್ಸಿಯ ಧಾರೆ, ಉಳಿದದ್ದು ಆಕಾಶ.

ಒಬ್ಬರ ಹಾಳೆಯಲ್ಲಿ ಅದು ಕಾಣುವುದಿಲ್ಲ. ಮೂರು, ಆರು, ಐದು, ನಾಲ್ಕು ಎಂದು ಹೇಗೂ ಏರಿಳಿಯುತ್ತಿರುತ್ತದೆ. ಒಂದು ಬೆಂಚಿನ ನಾಲ್ವರದು ಕೂಡಿದರೂ ಕಾಣುವುದಿಲ್ಲ. ಹದಿನೈದು ಹದಿನಾರು ಮಂದಿಯದು ಕೂಡಿದಾಗ ಅನುಮಾನ ಶುರುವಾಗುತ್ತದೆ. ನಲವತ್ತು ಮಂದಿಯದು ಕೂಡಿದಾಗ ಏಳನೇ ಮನೆ ಎದ್ದು ನಿಲ್ಲುತ್ತದೆ. ನಾಲ್ಕು ಪಟ್ಟು ಹಾಳೆ ಕೂಡಿಸಿದರೆ ಧಾರೆ ನಾಲ್ಕು ಪಟ್ಟು ಆಗುತ್ತದೆ, ಏರಿಳಿತ ಆಗುವುದು ಎರಡೇ ಪಟ್ಟು. ದೀರ್ಘ ಎಕ್ಸ್‌ಪೋಷರ್‌ನ ಗುಟ್ಟು ಇಷ್ಟೇ.

ಬಳ್ಳಾರಿಯ ತರಗತಿಯಲ್ಲಿ ಲೆಕ್ಕ ಹೀಗೆ ನಡೆಯಲಿಲ್ಲ. ಐದನೇ ಮನೆ ಮುಗಿಯುವಷ್ಟರಲ್ಲಿ ಅರ್ಧ ಬೀಜ ಬೆಂಚಿನ ಕೆಳಗೆ ಉರುಳಿದ್ದವು. ಹೆಕ್ಕಿಸುತ್ತಾ ಕೂತರೆ ಗಂಟೆ ಹೊಡೆಯುತ್ತದೆ ಎಂದು, ಎಲ್ಲರಿಗೂ ಎರಡನೇ ಡಬ್ಬಿಯ ಬೀಜ ಹಂಚಿಬಿಟ್ಟೆ. ಮೊದಲ ಡಬ್ಬಿಯವನ್ನು ನಾನು ಉಜ್ಜಿದ್ದೆ, ಎರಡನೆಯದನ್ನು ನನ್ನ ತಮ್ಮ ಉಜ್ಜಿಕೊಟ್ಟಿದ್ದ. ಅವನು ಉಜ್ಜಿದ ರೀತಿಯೇ ಬೇರೆ, ಬೀಜಗಳು ಬೆಳ್ಳಗೆ ಬೀಳುವುದು ಹೆಚ್ಚು. ಬೋರ್ಡಿನ ಮೇಲೆ ಮೊತ್ತ ಬರೆದಾಗ ಆರನೇ ಮನೆಯಿಂದ ಹತ್ತರವರೆಗೆ ಎಲ್ಲವೂ ಮೇಲೇರಿ ಕೂತಿದ್ದವು. "ಮೇಡಂ, ಅರ್ಧ ಆಕಾಶನೇ ಗೆಲಾಕ್ಸಿ ಐತೆ" ಎಂದ ಒಬ್ಬ ಹುಡುಗ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ, ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು: "ಚಟುವಟಿಕೆ ಚೆನ್ನಾಗಿದೆ, ತೀರ್ಮಾನಕ್ಕೆ ಬರಲಿಲ್ಲ."

ಅವತ್ತು ಬೇಸರವಾಯಿತು. ಆದರೆ ಆ ಕೆಟ್ಟ ತರಗತಿ ಕಲಿಸಿದ್ದನ್ನು ಒಳ್ಳೆಯ ತರಗತಿ ಕಲಿಸುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ತಮ್ಮನ ಬೀಜದ ದೋಷ ನೂರು ಮಂದಿಯ ಹಾಳೆ ಕೂಡಿಸಿದರೂ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಆಳವಾದ ಚಿತ್ರಣದಲ್ಲಿ ವಿಜ್ಞಾನಿಗಳನ್ನು ಕಾಡುವುದೂ ಇದೇ. ಏರಿಳಿತವನ್ನು ತಾಳ್ಮೆಯಿಂದ ಗೆಲ್ಲಬಹುದು, ಇನ್ನೊಂದು ರಾತ್ರಿ ಫೋಟೊ ತೆಗೆದರಾಯಿತು. ದೂರದರ್ಶಕದ ಒಳಗೇ ಚದುರಿದ ಬೆಳಕು, ಕ್ಯಾಮೆರಾದ ಒಂದು ಮೂಲೆ ಇನ್ನೊಂದಕ್ಕಿಂತ ತುಸು ಹೆಚ್ಚು ಸೂಕ್ಷ್ಮವಾಗಿರುವುದು, ಇವನ್ನು ತಾಳ್ಮೆಯಿಂದ ಗೆಲ್ಲಲಾಗುವುದಿಲ್ಲ. ಖಾಲಿ ಆಕಾಶ ನಿಜವಾಗಿ ಎಷ್ಟು ಎಂದು ಮೊದಲು ಗೊತ್ತಿರಬೇಕು.

ಏರೋಪ್ಲೇನ್ ಚಿಟ್ಟೆಯ ಕಣ್ಣು

ಸಿರುಗುಪ್ಪಕ್ಕೆ ಹೋಗುವ ಮುಂಚೆ ಪಾಠಯೋಜನೆ ತಿದ್ದಿದೆ. ಒಬ್ಬರಿಗೆ ಕೊಟ್ಟ ಹತ್ತು ಬೀಜ ಕೊನೆಯವರೆಗೂ ಅವೇ ಹತ್ತು, ಚೆಲ್ಲುವುದು ಊಟದ ತಟ್ಟೆಯೊಳಗೆ. ಈ ಸಲ ನಲವತ್ತು ಮಕ್ಕಳ ಮೊತ್ತದಲ್ಲಿ ಉಳಿದ ಮನೆಗಳೆಲ್ಲ 160ರಿಂದ 190ರೊಳಗೆ ನಿಂತವು, ಏಳನೇ ಮನೆ 214. ಒಬ್ಬೊಬ್ಬರಿಗೆ ಹತ್ತರಲ್ಲಿ ಐದು ಬೆಳ್ಳಗೆ ಬಿದ್ದರೆ ಮೊತ್ತ 200 ಆಗಬೇಕಿತ್ತಲ್ಲ ಎಂದು ಒಬ್ಬ ಕೇಳಿದ. ಉಜ್ಜಿದ ಬೀಜ ನಾಣ್ಯವಲ್ಲ, ಖಾಲಿ ಮನೆ ಎಷ್ಟು ಎಂಬುದನ್ನು ಪುಸ್ತಕದಿಂದಲ್ಲ, ಖಾಲಿ ಮನೆಗಳನ್ನೇ ನೋಡಿ ತಿಳಿಯಬೇಕು ಎಂದೆ. ಅದಕ್ಕೆ ಹಿಂದಿನ ಬೆಂಚಿನಿಂದ ಬಂದ ಮಾತನ್ನು ನಾನು ಮುಂದೆ ಎಲ್ಲ ಕಡೆ ಬಳಸಿಕೊಂಡೆ. ಹುಡುಗನ ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. "ಚೀಲದ ತೂಕ ಮೊದ್ಲು ಕಳೀಬೇಕು ಮೇಡಂ, ಇಲ್ಲಾಂದ್ರೆ ಚೀಲಾನೂ ಅಕ್ಕಿ ಅಂತ ಲೆಕ್ಕಕ್ಕೆ ಬರ್ತದ." ಹಿನ್ನೆಲೆ ಕಳೆಯುವುದನ್ನು ಇದಕ್ಕಿಂತ ಚೊಕ್ಕವಾಗಿ ನಾನು ಎಲ್ಲೂ ಓದಿಲ್ಲ. ವ್ಯತ್ಯಾಸ ಒಂದೇ: ಇಲ್ಲಿ ಚೀಲದ ತೂಕವೇ ಅಕ್ಕಿಯ ತೂಕದ ಸಾವಿರ ಪಟ್ಟು.

ಸಿರುಗುಪ್ಪದ ಗದ್ದೆ ಬದುವಿನ ಮೇಲೆ ಹಾರುವ ಏರೋಪ್ಲೇನ್ ಚಿಟ್ಟೆಯ ಹೆಸರಿನಲ್ಲೇ ಒಂದು ದೂರದರ್ಶಕ ಇದೆ ಎಂದಾಗ ಮಕ್ಕಳ ಕಿವಿ ನೆಟ್ಟಗಾದವು. ಪೀಟರ್ ವ್ಯಾನ್ ಡೊಕ್ಕುಮ್ ಮತ್ತು ರಾಬರ್ಟೊ ಅಬ್ರಹಾಂ ಎಂಬ ಇಬ್ಬರು ವಿಜ್ಞಾನಿಗಳು ಅಂಗಡಿಯಲ್ಲಿ ಸಿಗುವ ಕ್ಯಾನನ್ ಕಂಪನಿಯ 400 ಮಿಲಿಮೀಟರ್ ಟೆಲಿಫೋಟೊ ಲೆನ್ಸುಗಳನ್ನು ಒಟ್ಟಿಗೆ ಕಟ್ಟಿ ಒಂದೇ ಕಡೆಗೆ ತಿರುಗಿಸಿದರು. ಆಟದ ಮೈದಾನದಲ್ಲಿ ಪತ್ರಿಕೆಯ ಫೋಟೊಗ್ರಾಫರುಗಳ ಕೈಯಲ್ಲಿರುವಂಥ ಲೆನ್ಸು. ಕೆಲವೇ ಲೆನ್ಸುಗಳಿಂದ ಶುರುವಾಗಿ ಮುಂದೆ 48 ಆದವು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಇದರ ಹೆಸರು ಡ್ರ್ಯಾಗನ್‌ಫ್ಲೈ, ಆ ಚಿಟ್ಟೆಯ ಸಂಯುಕ್ತ ಕಣ್ಣಿನ ನೆನಪಿಗೆ. ಕನ್ನಡಿ ದೂರದರ್ಶಕದಲ್ಲಿ ಬೆಳಕಿನ ದಾರಿಗೆ ಅಡ್ಡವಾಗಿ ಇನ್ನೊಂದು ಕನ್ನಡಿ, ಅದನ್ನು ಹಿಡಿದ ಕಂಬಿಗಳು ಇರುತ್ತವೆ. ಅವು ಬೆಳಕು ಚದುರಿಸುತ್ತವೆ. ಈ ಲೆನ್ಸಿನಲ್ಲಿ ಅಡ್ಡ ಏನೂ ಇಲ್ಲ, ಗಾಜಿನ ವಿಶೇಷ ಲೇಪನದಿಂದ ಚದುರುವ ಬೆಳಕೂ ತೀರ ಕಡಿಮೆ. ಗಣಿ ಕಡೆಯಿಂದ ಬಂದ ಲಾರಿಯ ಮುಂಗಾಜಿಗೆ ಕೆಂಪು ಧೂಳು ಕೂತಾಗ ಎದುರಿನ ಗಾಡಿಯ ದೀಪ ಗಾಜಿನ ತುಂಬ ಹರಡುವುದನ್ನು ಬಳ್ಳಾರಿಯಲ್ಲಿ ಯಾರಿಗೂ ವಿವರಿಸಬೇಕಿಲ್ಲ.

ನಮ್ಮ ಕಡೆ ಇಂಥದ್ದು ಇಲ್ಲವೇ ಎಂಬ ಪ್ರಶ್ನೆ ಮೂರೂ ಶಾಲೆಗಳಲ್ಲಿ ಬಂತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇದೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಅವರು ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸುತ್ತಾರೆ. 2015ರ ಸೆಪ್ಟೆಂಬರ್ 28ರಂದು ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿರುವ ಅತಿನೇರಳೆ ದೂರದರ್ಶಕ ಜೋಡಣೆಯಾದದ್ದೂ ಹೊಸಕೋಟೆಯ ಅದೇ ಆವರಣದಲ್ಲಿ. ಅದರ ಅವಳಿ ಕನ್ನಡಿಗಳ ಅಗಲ ಒಂದೂಕಾಲು ಅಡಿಯಷ್ಟೇ, ಒಂದು ಸಲಕ್ಕೆ ನೋಡುವುದು ಹೆಚ್ಚುಕಡಿಮೆ ಹುಣ್ಣಿಮೆ ಚಂದ್ರನಷ್ಟು ಆಕಾಶ. ವಾತಾವರಣದ ಮೇಲೆ ಹೋದರೆ ಅತಿನೇರಳೆಯಲ್ಲಿ ಆಕಾಶ ಬಹಳ ಕಪ್ಪು, ಚೀಲದ ತೂಕವೇ ಕಡಿಮೆ. ಹಾಗಾಗಿ ಹತ್ತಿರದ ಗೆಲಾಕ್ಸಿಗಳ ತೀರ ಹೊರ ಅಂಚಿನಲ್ಲಿ, ಸಾಮಾನ್ಯ ಫೋಟೊದಲ್ಲಿ ಏನೂ ಇಲ್ಲ ಅನ್ನಿಸುವ ಕಡೆ, ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳ ಗುಂಪುಗಳನ್ನು ಬೆಂಗಳೂರಿನ ವಿಜ್ಞಾನಿಗಳು ಇದರಿಂದ ಅಭ್ಯಾಸ ಮಾಡಿದ್ದಾರೆ. ಧಾರೆಗಳಲ್ಲಿರುವುದು ಹೆಚ್ಚಾಗಿ ಹಳೆಯ ನಕ್ಷತ್ರಗಳು, ಅವು ಅತಿನೇರಳೆಯಲ್ಲಿ ಅಷ್ಟಾಗಿ ಕಾಣವು. ಎರಡೂ ಒಂದೇ ಕೆಲಸವಲ್ಲ ಎಂದು ಮಕ್ಕಳಿಗೆ ಹೇಳಿಯೇ ಮುಂದೆ ಹೋದೆ.

ಕಾಣವಲ್ದು ಮೇಡಂ

ಧಾರೆಗೆ ನಾನು ಕೊಟ್ಟ ಹೋಲಿಕೆ ಸಿರುಗುಪ್ಪದ್ದೇ. ಭತ್ತ ತುಂಬಿದ ಟ್ರ್ಯಾಕ್ಟರಿನಲ್ಲಿ ಒಂದು ಚೀಲ ಹರಿದಿದೆ, ದಾರಿಯುದ್ದಕ್ಕೂ ಕಾಳು ಉದುರುತ್ತಿದೆ. ಬೆಳಿಗ್ಗೆ ಟ್ರ್ಯಾಕ್ಟರ್ ಅಲ್ಲಿಲ್ಲ, ಆದರೆ ಅದು ತೆಕ್ಕಲಕೋಟೆ ಕಡೆ ಹೋಯಿತೋ ನದಿ ಕಡೆ ಹೋಯಿತೋ ಕಾಳು ಹೇಳುತ್ತದೆ. ಕಾಳು ಹಿಂದೆ ಮಾತ್ರ ಬೀಳುತ್ತದೆ, ನಕ್ಷತ್ರಗಳು ಮುಂದಕ್ಕೂ ಹಿಂದಕ್ಕೂ ಹರಡುತ್ತವೆ ಎಂಬಲ್ಲಿ ಹೋಲಿಕೆ ಮುರಿಯುತ್ತದೆ. ಅದನ್ನು ಅಲ್ಲೇ ಹೇಳಿದೆ.

ಅನಂತರ ಚಿತ್ರ ಹಂಚಿದೆ. ನಾನು ಆರಿಸಿದ್ದು ಎನ್‌ಜಿಸಿ 5907. ಡ್ರೇಕೋ ನಕ್ಷತ್ರಪುಂಜದಲ್ಲಿ, ಸುಮಾರು ಐದು ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಚಾಕುವಿನ ಅಲಗಿನಂತೆ ಅಂಚು ತಿರುಗಿಸಿ ನಿಂತ ಗೆಲಾಕ್ಸಿ. ಅದರ ಬಳಿ ಬಿಲ್ಲಿನಂತೆ ಬಾಗಿದ ಮಸುಕು ಬೆಳಕನ್ನು 1998ರಲ್ಲಿ ಚೀನಾದ ಖಗೋಳ ವಿಜ್ಞಾನಿಗಳ ತಂಡ ವರದಿ ಮಾಡಿತು. 2008ರಲ್ಲಿ ಡೇವಿಡ್ ಮಾರ್ಟಿನೆಸ್ ಡೆಲ್ಗಾಡೊ ಅವರ ತಂಡ ಹವ್ಯಾಸಿ ಛಾಯಾಗ್ರಾಹಕ ಜೇ ಗ್ಯಾಬನಿಯವರ ಅರ್ಧ ಮೀಟರ್ ದೂರದರ್ಶಕದಿಂದ ಹನ್ನೊಂದು ಗಂಟೆಗೂ ಹೆಚ್ಚು ಎಕ್ಸ್‌ಪೋಷರ್ ಕೊಟ್ಟ ಚಿತ್ರ ಪ್ರಕಟಿಸಿತು. ಅದರಲ್ಲಿ ಗೆಲಾಕ್ಸಿಯನ್ನು ಧಾರೆ ಎರಡು ಸುತ್ತು ಸುತ್ತಿದಂತೆ ಇತ್ತು. ಕಂಪ್ಯೂಟರ್ ಮಾದರಿಯೂ ಎರಡು ಸುತ್ತಿಗೆ ಹೊಂದಿತ್ತು. ಬಹಳ ಚಂದದ ಚಿತ್ರ. ಒಂದು ಹವ್ಯಾಸಿ ದೂರದರ್ಶಕ ದೊಡ್ಡವರ ಕೆಲಸ ಮಾಡಿದ ಕಥೆಯೂ ಅದಕ್ಕೆ ಅಂಟಿಕೊಂಡಿದೆ. ಅದಕ್ಕೇ ಮರುಳಾಗಿ ಆರಿಸಿದ್ದು ಎಂದು ಒಪ್ಪಿಕೊಳ್ಳುತ್ತೇನೆ.

ಚಿತ್ರದ ಜೆರಾಕ್ಸ್ ಪ್ರತಿಯ ಮೇಲೆ ಪೆನ್ಸಿಲ್ಲಿನಿಂದ ಧಾರೆಯನ್ನು ಗುರುತಿಸಿ, ಎಷ್ಟು ಸುತ್ತು ಎಂದು ಬರೆಯಿರಿ ಎಂಬುದು ಮೌಲ್ಯಮಾಪನದ ಪ್ರಶ್ನೆ. ಎರಡನೇ ಸಾಲಿನ ಒಬ್ಬ ಹುಡುಗಿ ಒಂದು ಸುತ್ತು ಬರೆದು ಪೆನ್ಸಿಲ್ ಕೆಳಗಿಟ್ಟಳು. ಎರಡನೆಯದೆಲ್ಲಿ ಎಂದೆ. "ಕಾಣವಲ್ದು ಮೇಡಂ" ಎಂದಳು. ಸರಿಯಾಗಿ ನೋಡು ಎಂದೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಓರೆ ಮಾಡಿದಳು, "ಇಲ್ಲ ಮೇಡಂ" ಎಂದಳು. ಹಿಂದೆ ಮಾರ್ಗದರ್ಶಕರು ಕೂತಿದ್ದರು, ಗಂಟೆಗೆ ಆರು ನಿಮಿಷ ಉಳಿದಿತ್ತು. ವಿಜ್ಞಾನಿಗಳು ಎರಡು ಸುತ್ತು ನೋಡಿದ್ದಾರೆ, ಪಕ್ಕದವಳಿಗೂ ಕಂಡಿದೆ, ನಿನಗೆ ಕಾಣಲಿಲ್ಲವಾ ಎಂದುಬಿಟ್ಟೆ. ಅವಳು ಹಾಳೆ ನೋಡಿದಳು, ನನ್ನನ್ನು ನೋಡಿದಳು. "ಹಾಂ, ಕಾಣ್ತು" ಎಂದಳು. ಪೆನ್ಸಿಲ್ ತೆಗೆದು ಪಕ್ಕದವಳ ಹಾಳೆಯಲ್ಲಿದ್ದ ಹಾಗೆಯೇ ಎರಡನೇ ಸುತ್ತು ಬರೆದಳು. ನಾನು ಸರಿ ಗುರುತು ಹಾಕಿದೆ. ಅವತ್ತಿನ ವೀಕ್ಷಣಾ ಪುಸ್ತಕದಲ್ಲಿ "ಹಿಂದುಳಿದ ವಿದ್ಯಾರ್ಥಿಯತ್ತಲೂ ಗಮನ ಕೊಟ್ಟಿದ್ದಾರೆ" ಎಂಬ ಮೆಚ್ಚುಗೆ ಇದೆ.

ಹತ್ತು ದಿನಗಳ ಮೇಲೆ, ಕುರುಗೋಡಿನ ಪಾಠಕ್ಕೆ ಅದೇ ಗೆಲಾಕ್ಸಿಯ ಇನ್ನೂ ಸ್ಪಷ್ಟವಾದ ಚಿತ್ರ ಹುಡುಕುತ್ತಿದ್ದೆ. ಡ್ರ್ಯಾಗನ್‌ಫ್ಲೈ ತೆಗೆದದ್ದು ಸಿಕ್ಕಿತು, 2019ರದ್ದು. ಅದರಲ್ಲಿ ಇರುವುದು ಒಂದೇ ಧಾರೆ. ಬಾಗಿ, ಹಿಂದೆ ಯಾರೂ ಕಾಣದಷ್ಟು ಉದ್ದಕ್ಕೆ ಚಾಚಿಕೊಂಡಿದೆ, ಆದರೆ ಒಂದೇ. ಎರಡನೇ ಸುತ್ತಿನ ಜಾಗದಲ್ಲಿ ಆಕಾಶ ಖಾಲಿ. ಅದೇ ವರ್ಷ ಸರ್ಬಿಯಾದ 1.4 ಮೀಟರ್ ಮಿಲಾಂಕೊವಿಚ್ ದೂರದರ್ಶಕದಿಂದ ಬೇರೆಯೇ ತಂಡ ತೆಗೆದ ಚಿತ್ರದಲ್ಲೂ ಅದು ಇಲ್ಲ. 2008ರ ತಂಡ ಮೋಸ ಮಾಡಿತು ಎಂದು ಯಾರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಸಾವಿರದ ಒಂದು ಪಾಲಿನ ಬೆಳಕನ್ನು ಹಿಗ್ಗಿಸಿ ತೋರಿಸುವಾಗ ಏನೆಲ್ಲ ಸೇರಿಕೊಳ್ಳಬಹುದು ಎಂಬುದನ್ನು ನನ್ನ ಬಳ್ಳಾರಿಯ ಬೋರ್ಡೇ ತೋರಿಸಿತ್ತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ತಪ್ಪು ಮಾಹಿತಿ ಕಲಿಸಿದೆ ಎಂಬುದು ಅಷ್ಟು ಕಾಡಲಿಲ್ಲ, ಅದನ್ನು ತಿದ್ದಬಹುದು. ಕಾಣಲಿಲ್ಲ ಎಂದು ಎರಡು ಸಲ ನಿಜ ಹೇಳಿದ ಮಗುವಿನ ಬಾಯಲ್ಲಿ ಕಾಣ್ತು ಎನ್ನಿಸಿದೆನಲ್ಲ, ಅದು ಕಾಡಿತು. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು. ಅವಳು ವಿಜ್ಞಾನಿಗಳ ತಪ್ಪನ್ನು ಹಿಡಿದಳು ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನ್ನ ಜೆರಾಕ್ಸ್ ಅಷ್ಟು ಕೆಟ್ಟದಾಗಿತ್ತು, ಅವಳ ಪ್ರತಿಯಲ್ಲಿ ಅದು ಮೂಡಿಯೇ ಇರಲಿಲ್ಲ. ಅವಳು ಹೇಳಿದ್ದು ತನ್ನ ಕೈಯಲ್ಲಿದ್ದ ಹಾಳೆಯ ಬಗ್ಗೆ, ಮತ್ತು ಆ ಹಾಳೆಯ ಬಗ್ಗೆ ಅವಳ ಉತ್ತರ ಪೂರ್ತಿ ಸರಿ. ಪಕ್ಕದವಳಿಗೆ ನಿಜವಾಗಿ ಕಂಡಿತ್ತೋ, ನಾನು ಮೊದಲೇ 'ಎರಡು' ಎಂದು ಬಾಯಿಬಿಟ್ಟಿದ್ದೆನೋ, ಈಗ ನೆನಪಿಲ್ಲ.

ಕುರುಗೋಡು, ಮತ್ತೆ ಸಿರುಗುಪ್ಪ

ಕುರುಗೋಡಿನಲ್ಲಿ ಪ್ರಶ್ನೆಯನ್ನೇ ಬದಲಿಸಿದೆ. ಎರಡು ಚಿತ್ರಗಳನ್ನು ವರ್ಷ ಹೇಳದೆ ಅಕ್ಕಪಕ್ಕ ಕೊಟ್ಟೆ. ಕಂಡದ್ದನ್ನು ಪೆನ್ನಿನಿಂದ, ಅನುಮಾನ ಇದ್ದದ್ದನ್ನು ಚುಕ್ಕೆಗಳಿಂದ ಗುರುತಿಸಿ, ಕಾಣದಿದ್ದರೆ ಕಾಣಲಿಲ್ಲ ಎಂದೇ ಬರೆಯಿರಿ, ಅದಕ್ಕೂ ಅಂಕ ಇದೆ. ಪಕ್ಕದವರ ಹಾಳೆ ನೋಡುವಂತಿಲ್ಲ. ಉತ್ತರಗಳು ಚೆಲ್ಲಾಪಿಲ್ಲಿಯಾದವು. ಒಬ್ಬ ಜೆರಾಕ್ಸಿನ ಕಪ್ಪು ಗೆರೆಯನ್ನೇ ಧಾರೆ ಎಂದು ತಿದ್ದಿದ್ದ. ಚರ್ಚೆಗೆ ಅದಕ್ಕಿಂತ ಒಳ್ಳೆಯ ಹಾಳೆ ಬೇಕಿರಲಿಲ್ಲ.

ಅಲ್ಲಿ ಆರ್ಪ್‌ನ ಉಂಗುರದ ಕಥೆಯನ್ನೂ ಹೇಳಿದೆ. 1965ರಲ್ಲಿ ಹ್ಯಾಲ್ಟನ್ ಆರ್ಪ್ ಎಂ 81 ಎಂಬ ಗೆಲಾಕ್ಸಿಯ ಬಳಿ ಮಸುಕಾದ ಉಂಗುರ ಕಂಡರು. ಅದು ಗೆಲಾಕ್ಸಿಗಳ ಎಳೆದಾಟದಲ್ಲಿ ಚೆಲ್ಲಿದ್ದು ಎಂದು ಬಹುಕಾಲ ನಂಬಲಾಗಿತ್ತು. 2010ರ ಹೊತ್ತಿಗೆ ಅವಕೆಂಪು ಅಳತೆಗಳು ಬೇರೆ ಹೇಳಿದವು: ಅದರ ಬಹುಭಾಗ ನಮ್ಮದೇ ಹಾಲುಹಾದಿಯ ತೆಳುವಾದ ಧೂಳು. ಎಂ 81 ಇರುವುದು ಸುಮಾರು 1.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಧೂಳು ಇದ್ದದ್ದು ನಮ್ಮ ಮನೆಯಂಗಳದಲ್ಲಿ. "ಕನ್ನಡಕಕ್ಕೆ ಧೂಳು ಹತ್ತಿದ್ರೆ ಗುಡ್ಡದ ಮೇಲೆ ಐತೆ ಅಂದಂಗಾತು" ಎಂದು ಒಬ್ಬಳು ಕಿಟಕಿಯಾಚೆಯ ಕುರುಗೋಡು ಗುಡ್ಡ ತೋರಿಸಿದಳು.

ಕುರುಗೋಡಿನ ತರಗತಿಯಲ್ಲಿ ನನಗೆ ಗೊತ್ತಿಲ್ಲದ ಒಂದು ಅನುಭವವೂ ಇತ್ತು. ತ್ರೀಫೇಸ್ ಕರೆಂಟು ರಾತ್ರಿ ಬಂದಾಗ ಅಪ್ಪನ ಜೊತೆ ಮೋಟಾರು ಹಾಕಲು ಹೊಲಕ್ಕೆ ಹೋಗುವ ಹುಡುಗರಿದ್ದರು. ಬ್ಯಾಟರಿ ಆರಿಸಿದ ಮೇಲೆ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ಕಾಲುದಾರಿ ಕಾಣುತ್ತದೆ, ಇನ್ನೂ ಸ್ವಲ್ಪ ಹೊತ್ತಿಗೆ ನೀರಿನ ಹೊಳಪೂ ಕಾಣುತ್ತದೆ ಎಂದು ಅವರೇ ವಿವರಿಸಿದರು. ಅವರಿಗೆ ಮನೆಗೆಲಸ ಕೊಟ್ಟೆ: ನವೆಂಬರ್, ಡಿಸೆಂಬರಿನ ಚಂದ್ರನಿಲ್ಲದ ರಾತ್ರಿ ಎಂಟರ ಸುಮಾರಿಗೆ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ದೇವಯಾನಿ ಗೆಲಾಕ್ಸಿಯನ್ನು ಹುಡುಕುವುದು. ಬರಿಗಣ್ಣಿಗೆ ಕಾಣುವುದು ಹತ್ತಿಯ ಎಳೆಯಷ್ಟು, ಅದು ಗೆಲಾಕ್ಸಿಯ ನಡುಭಾಗ ಮಾತ್ರ. ಪೂರ್ತಿ ಗೆಲಾಕ್ಸಿ ಆಕಾಶದಲ್ಲಿ ಆರು ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ. ಅದಕ್ಕೂ ಹೊರಗೆ ಒಂದು ದೊಡ್ಡ ನಕ್ಷತ್ರ ಧಾರೆ ಇದೆ, 2001ರವರೆಗೆ ಯಾರೂ ಕಂಡಿರಲಿಲ್ಲ. ಬಳ್ಳಾರಿ ನಗರದ ಮಕ್ಕಳಿಗೆ ಈ ಮನೆಗೆಲಸ ಕೊಡಲಾಗುವುದಿಲ್ಲ, ಅಲ್ಲಿ ಚೀಲ ಬಹಳ ಭಾರ.

ಸಿರುಗುಪ್ಪದ ನನ್ನ ಅವಧಿ ಮುಗಿದಿತ್ತು. ಮತ್ತೆ ಹೋದರೆ ಅದು ಪಾಠಗಳ ಲೆಕ್ಕಕ್ಕೆ ಬರುವುದಿಲ್ಲ, ರಜೆ ಹಾಕಿ ಹೋಗಬೇಕು. ತಪ್ಪಾಯಿತು ಎಂದು ಮಕ್ಕಳ ಮುಂದೆ ಹೇಳಿದರೆ ಮುಂದೆ ನಿಮ್ಮ ಮಾತು ಕೇಳುತ್ತಾರಾ ಎಂದು ಸಹಪಾಠಿಯೊಬ್ಬರು ಎಚ್ಚರಿಸಿದರು. ಒಂದು ಶನಿವಾರ ಬೆಳಗಿನ ಬಸ್ಸಿಗೆ ಹೋದೆ. ಅಲ್ಲಿನ ವಿಜ್ಞಾನ ಶಿಕ್ಷಕರು ಹದಿನೈದು ನಿಮಿಷ ಕೊಟ್ಟರು.

ಈ ಸಲ ಒಳ್ಳೆಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ ಚಿತ್ರಗಳನ್ನು ಬೋರ್ಡಿಗೆ ಅಂಟಿಸಿದೆ. ನಾನು ಹೇಳಿದ್ದು ಏನು, 2019ರಲ್ಲಿ ಗೊತ್ತಾದದ್ದು ಏನು, ಅದು ಪ್ರಕಟವಾಗಿ ವರ್ಷಗಳಾದರೂ ನಾನು ಓದದೆ ಪಾಠಕ್ಕೆ ಬಂದಿದ್ದೆ ಎಂಬುದನ್ನು ಹೇಳಿದೆ. ಎರಡನೇ ಸಾಲಿನ ಹುಡುಗಿಯ ಹಾಳೆಯನ್ನು ನಾನು ಇಟ್ಟುಕೊಂಡಿದ್ದೆ. ಎಲ್ಲರ ಮುಂದೆ ಅವಳನ್ನು ನಿಲ್ಲಿಸುವುದು ಬೇಡವೆಂದು, ಹಾಳೆ ತಿರುಗಿ ಕೊಡುವಾಗ ಬೆಂಚಿನ ಬಳಿ ಬಗ್ಗಿ ಹೇಳಿದೆ: ನೀನು ಮೊದಲು ಹೇಳಿದ್ದೇ ಸರಿ ಇತ್ತು, ನಾನು ಒತ್ತಾಯ ಮಾಡಿದ್ದು ತಪ್ಪು. ಅವಳು ಏನೂ ಅನ್ನಲಿಲ್ಲ. ರಬ್ಬರ್ ತೆಗೆದು ಎರಡನೇ ಸುತ್ತನ್ನು ಒರೆಸತೊಡಗಿದಳು. ಒರೆಸುತ್ತಲೇ ಕೇಳಿದಳು:

"ಮೇಡಂ, ಹಂಗಾರೆ ಮೊದಲ್ನೇದು?"

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಮೊದಲ್ನೇ ಸುತ್ತಾದ್ರೂ ಐತಾ?"

ಬೋರ್ಡಿನ ಹತ್ತಿರ ಕರೆದುಕೊಂಡು ಹೋದೆ. 1998ರ ತಂಡಕ್ಕೂ ಕಂಡಿತ್ತು ಎಂದೆ, 2008ರದ್ದನ್ನೂ 2019ರದ್ದನ್ನೂ ತೋರಿಸಿದೆ. ದೂರದರ್ಶಕ ಬೇರೆ, ಜನ ಬೇರೆ, ದೇಶ ಬೇರೆ. ಅವಳು ಚಿತ್ರಗಳ ಹತ್ತಿರ ಮುಖವಿಟ್ಟು, ಬೆರಳಿನಿಂದ ಬಿಲ್ಲನ್ನು ಒಂದೊಂದರಲ್ಲೂ ಸವರಿ, ಸರ್ಬಿಯಾದ್ದು ಎಲ್ಲಿ ಎಂದಳು. ಅದರ ಪ್ರಿಂಟ್ ತಂದಿರಲಿಲ್ಲ. ಮುಂದಿನ ಸಲ ತರುತ್ತೇನೆ ಎಂದೆ. ಬೆಂಚಿಗೆ ಹೋಗಿ ಮೊದಲನೇ ಸುತ್ತಿನ ಪೆನ್ಸಿಲ್ ಗೆರೆಯ ಮೇಲೆ ಪೆನ್ನಿನಿಂದ ತಿದ್ದಿದಳು, ಅದು ತುದಿ ಮುಟ್ಟುವ ಕಡೆ ಮಾತ್ರ ನಾಲ್ಕು ಚುಕ್ಕೆ ಇಟ್ಟಳು.